ಉಪ್ಪು ಸರಿ ಇದ್ದ ದಿನ

ಕಾಗದದ ಮೇಲೆ ಒಂದೇ ಒಂದು ಗೆರೆ. ಸರಿಯಾಗಿ ಹತ್ತು ಸೆಂಟಿಮೀಟರ್ ಉದ್ದ ಎಂದು ಪಥ್ಯದ ವೈದ್ಯೆ ಮೆಹನಾಜ್ ಮೊದಲ ಸಲವೇ ಹೇಳಿದ್ದಳು. ಎಡತುದಿಯಲ್ಲಿ ‘ಸ್ವಲ್ಪವೂ ಹಸಿವಿಲ್ಲ’ ಎಂದು ಅಚ್ಚಾಗಿತ್ತು, ಬಲತುದಿಯಲ್ಲಿ ‘ಎಂದೂ ಆಗದಷ್ಟು ಹಸಿವು’ ಎಂದು. ಈ ಗಳಿಗೆಯಲ್ಲಿ ತನ್ನ ಹಸಿವು ಎಲ್ಲಿ ನಿಂತಿದೆಯೋ ಅಲ್ಲಿ ಸುಶಮೀಂದ್ರ ಒಂದು ಅಡ್ಡಗೀಟು ಹಾಕಬೇಕು. ಇದಕ್ಕೇನು ದೊಡ್ಡ ವಿದ್ಯೆ ಬೇಕು ಎಂದು ಯಾರಿಗಾದರೂ ಅನ್ನಿಸೀತು. ಆದರೆ ಮಾನ್ವಿಯ ಮಠದ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಸೌಟು ಹಿಡಿದ, ಇನ್ನೂರು ಎಲೆಯ ಅಡುಗೆಯನ್ನು ಒಂಟಿಯಾಗಿ ಒಲೆಯಿಂದ ಇಳಿಸಿದ ಆ ಕೈ ಈಗ ಒಂದು ಪೆನ್ಸಿಲ್ ಹಿಡಿದು ಎಲ್ಲಿಗೂ ಹೋಗದೆ ನಿಂತಿತ್ತು. ರಾಯಚೂರಿನ ಈ ಆಸ್ಪತ್ರೆಯ ಮೂರನೆಯ ಮಹಡಿಯ ಕೋಣೆಗೆ ಅವನು ಬಂದದ್ದು ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಗೆರೆಯ ನಟ್ಟನಡುವೆ ಗೀಟು ಹಾಕಿ ಕಾಗದ ಮರಳಿಸಿದ್ದ. ಎರಡೂ ಸುಳ್ಳು. ಅಡುಗೆಯವನಿಗೆ ಹಸಿವೇ ಇಲ್ಲವೆಂದು ಬರೆದುಕೊಡುವುದು ಹೇಗೆ ಎಂಬ ನಾಚಿಕೆ ಒಂದು. ಇಷ್ಟು ಕಷ್ಟಪಟ್ಟು ಕೇಳುತ್ತಿರುವ ಹುಡುಗಿಗೆ ಏನಾದರೊಂದು ಕೊಡಬೇಕಲ್ಲ ಎಂಬ ದಾಕ್ಷಿಣ್ಯ ಇನ್ನೊಂದು. ಇವತ್ತೂ ಪೆನ್ಸಿಲು ತಾನಾಗಿಯೇ ನಡುವಿಗೆ ಸರಿದು ಒಂದು ಗೀಟು ಹಾಕಿತು. ಗೋಡೆಗೆ ಒತ್ತಿದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿ ಮಾಧವಿ ಅದನ್ನು ನೋಡಿದಳೋ ಇಲ್ಲವೋ, ಮಡಿಲಲ್ಲಿದ್ದ ಚೀಲದ ಹಿಡಿಕೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಹತ್ತು ತಿಂಗಳ ಹಿಂದೆ ಇದೇ ಆಸ್ಪತ್ರೆಯಲ್ಲಿ ಅವನ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದಿದ್ದರು. ಆಗ ಅವನ ತೂಕ ನೂರಾ ಮೂವತ್ತೆಂಟು ಕಿಲೋ. ಸಕ್ಕರೆ ಕಾಯಿಲೆ ಕಣ್ಣಿಗೆ ಏರಿತ್ತು. ಮಠದ ಒಂಬತ್ತು ಮೆಟ್ಟಿಲು ಹತ್ತಲು ಎರಡು ಕಡೆ ನಿಲ್ಲಬೇಕಾಗಿತ್ತು. ಈಗ ತೊಂಬತ್ತೊಂದು. ಹೊಟ್ಟೆ ಇಳಿದ ಮೇಲೆ ಜನಿವಾರ ಉದ್ದವಾಗಿ ಸೊಂಟದ ಕೆಳಗೆ ಜೋಲತೊಡಗಿತ್ತು. ಎಲ್ಲರೂ ಹರೆಯ ಬಂದಂತಾಗಿದೆ ಎಂದರು. ಅವನಿಗೆ ಮಾತ್ರ ಒಳಗೆ ಯಾರೋ ಮನೆ ಖಾಲಿ ಮಾಡಿಕೊಂಡು ಹೋದಂತೆ ಇತ್ತು. ಹಸಿವು ಹುಟ್ಟಿಸುವ ರಸ ಹೆಚ್ಚಾಗಿ ಬರುವುದು ಆ ಕತ್ತರಿಸಿದ ಭಾಗದಿಂದಲೇ ಎಂದು ಆಮೇಲೆ ಮೆಹನಾಜ್ ಹೇಳಿದಳು. ಮೊದಲೇ ಹೇಳಿದ್ದರೂ ಅವನು ಏನು ಮಾಡುತ್ತಿದ್ದ? ಹಸಿವು ಹೋಗಲಿ ಎಂದೇ ಅಲ್ಲವೇ ಮಲಗಿದ್ದು. ಅವನ ಹಸಿವು ಊರಿಗೇ ಗೊತ್ತಿದ್ದ ಹಸಿವು. ಮುಂಜಾನೆ ನಾಲ್ಕಕ್ಕೆ ಮಡಿಯುಟ್ಟು ಒಲೆ ಹೊತ್ತಿಸಿದರೆ ಮಧ್ಯಾಹ್ನದ ನೈವೇದ್ಯ, ಗುರುಗಳಿಗೆ ಅರ್ಪಿಸುವ ಹಸ್ತೋದಕ ಮುಗಿಯುವ ತನಕ ಬಾಯಿಗೆ ಒಂದು ಹನಿ ನೀರಿಲ್ಲ. ಅಷ್ಟು ಹೊತ್ತೂ ಅದು ಹೊಟ್ಟೆಯೊಳಗೆ ಕೂತು ಅವನ ಜೊತೆ ಮಾತಾಡುತ್ತಿತ್ತು. ಬೇಳೆ ಬೆಂದಾಗ ಒಂದು ಮಾತು, ಹುಣಸೆ ಬಿದ್ದಾಗ ಒಂದು ಮಾತು, ತುಪ್ಪದಲ್ಲಿ ಇಂಗು ಅರಳಿದಾಗ ಇನ್ನೊಂದು.

ದೇವರಿಗೆ ತೋರಿಸುವ ಅಡುಗೆಯನ್ನು ಮೊದಲೇ ರುಚಿ ನೋಡುವಂತಿಲ್ಲ. ನಾಲಿಗೆಗೆ ತಾಗಿದರೆ ಎಂಜಲು. ಹಾಗಾದರೆ ಉಪ್ಪು ಹಾಕುವುದು ಹೇಗೆ ಎಂದು ದೇವದುರ್ಗದ ಮನೆಯಲ್ಲಿ, ಹನ್ನೊಂದು ವರ್ಷದವನಿದ್ದಾಗ, ಅವನು ತಂದೆಯನ್ನು ಕೇಳಿದ್ದ. ನರಸಿಂಹಾಚಾರ್ಯರು ನಕ್ಕು, ಅವನ ಕೈಯನ್ನು ಹಿಡಿದು ಕುದಿಯುವ ಹುಳಿಯ ಮೇಲಿನ ಆವಿಯಲ್ಲಿ ಇಟ್ಟಿದ್ದರು. ಉಂಡವನಿಗೆ ಇದು ತಿಳಿಯುವುದಿಲ್ಲ, ಹಸಿದು ನಿಲ್ಲು, ಸಾಕಾಯಿತು ಎನ್ನುವಾಗ ಹೊಟ್ಟೆಯೇ ಹೇಳುತ್ತದೆ ಎಂದಿದ್ದರು. ನಿಜಕ್ಕೂ ಹೇಳುತ್ತಿತ್ತು. ಉಪ್ಪು ಕಡಿಮೆಯಿದ್ದರೆ ಹಸಿವು ಸುಮ್ಮನೆ ಕೂತಿರುತ್ತಿತ್ತು. ಸರಿಯಾದ ಗಳಿಗೆಗೆ ಬಾಯಲ್ಲಿ ನೀರೂರಿ ಕರುಳು ಒಮ್ಮೆ ಹೊರಳುತ್ತಿತ್ತು. ಇದನ್ನು ಅವನು ಯಾರಿಗೂ ವಿವರಿಸಿರಲಿಲ್ಲ. ವಿವರಿಸುವ ಅಗತ್ಯವೂ ಬಿದ್ದಿರಲಿಲ್ಲ, ಯಾಕೆಂದರೆ ಊಟವಾದ ಮೇಲೆ ಎಲೆಗಳೇ ಹೇಳುತ್ತಿದ್ದವು. ಎಲೆಯ ತುದಿಗೆ ಬಡಿಸಿದ ಚಿಟಿಕೆ ಉಪ್ಪು ಎಲ್ಲರ ಎಲೆಯಲ್ಲೂ ಬಡಿಸಿದ ಹಾಗೆಯೇ ಉಳಿದಿರುತ್ತಿತ್ತು. ಇಪ್ಪತ್ತೆರಡು ವರ್ಷ ಅವನು ಪಂಕ್ತಿಯ ಕೊನೆಗೆ ನಿಂತು ಆ ಬಿಳಿ ಚಿಟಿಕೆಗಳನ್ನು ನೋಡಿ, ಒಳಗೊಳಗೇ ಮೀಸೆ ತಿರುವುತ್ತಿದ್ದ. ಮೀಸೆ ಇರಲಿಲ್ಲ, ಅದು ಬೇರೆ ಮಾತು.

ಆಪರೇಷನ್ ಆಗಿ ಎರಡು ತಿಂಗಳಿಗೆ ಮತ್ತೆ ಅಡುಗೆಮನೆಗೆ ಬಂದಾಗ ಆವಿ ಅದೇ ಇತ್ತು, ಮೂಗೂ ಅದೇ ಇತ್ತು. ಇಂಗು ಯಾವ ಡಬ್ಬಿಯದು ಎಂಬುದನ್ನೂ ಮೂಗು ಹೇಳುತ್ತಿತ್ತು. ಆದರೆ ಉಪ್ಪಿಗೆ ವಾಸನೆಯಿಲ್ಲ. ಕೇಳಿದ ಪ್ರಶ್ನೆಗೆ ಹೊಟ್ಟೆ ಉತ್ತರಿಸುತ್ತಿರಲಿಲ್ಲ. ಕೈ ಅಳತೆಯ ಮೇಲೆ ಹಾಕಿದ. ಬೇಳೆಯ ಹದ ಒಂದೊಂದು ದಿನ ಒಂದೊಂದು ತರ, ನೀರು ಒಂದೊಂದು ತರ, ಅಳತೆ ನಿಲ್ಲಲಿಲ್ಲ. ಎಲೆಗಳ ತುದಿಯ ಉಪ್ಪು ಖಾಲಿಯಾಗತೊಡಗಿತು. ಕೆಲವು ದಿನ ಉಪ್ಪು ಹೆಚ್ಚಾಗಿ ಜನ ಮಜ್ಜಿಗೆಗೆ ಮುಗಿಬೀಳುತ್ತಿದ್ದರು. ಯಾರೂ ಒಂದು ಮಾತು ಆಡಲಿಲ್ಲ. ಆಡಿದ್ದರೆ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದನೇನೋ. ಮಠದ ಕಾರುಬಾರು ನೋಡುವ ನಿವೃತ್ತ ಹೆಡ್‌ಮಾಸ್ತರು ವಿದ್ಯಾಧೀಶರಾಯರು ಒಮ್ಮೆ ಕೈ ತೊಳೆಯುತ್ತ, ದೇವರಿಗೆ ಇವತ್ತು ಸಪ್ಪನ ಊಟ ಬೇಕಾಗಿತ್ತೇನೋ ಎಂದು ಗೋಡೆಗೆ ಹೇಳಿದರು. ಅವನು ಮೂರು ರಾತ್ರಿ ಆ ಮಾತನ್ನು ಹೊರಳಿಸಿ ನೋಡಿದ. ಮಾಧವಿ ಮಠದಿಂದ ಬಂದ ಪ್ರಸಾದವನ್ನು ಮನೆಯಲ್ಲಿ ದಿನಾ ಉಣ್ಣುತ್ತಿದ್ದಳು, ಅವಳೂ ಏನೂ ಹೇಳಲಿಲ್ಲ. ಅವಳು ಹೇಳದೆ ಇದ್ದದ್ದು ಅವನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿತು, ಹೇಳಿದ್ದರೆ ಅದು ಇನ್ನೂ ಹೆಚ್ಚು ನೋಯಿಸುತ್ತಿತ್ತು ಎಂಬುದೂ ಅವನಿಗೆ ಗೊತ್ತಿತ್ತು.

“ಆಚಾರ್ರೀ, ತಗೋರಿ. ಇವತ್ತ ತುಪ್ಪ,” ಎಂದಳು ಮೆಹನಾಜ್. ಅವಳು ಇಂಥ ಆಪರೇಷನ್ ಆದ ಮೂವತ್ತು ಜನರ ಮೇಲೆ ಪ್ರಬಂಧ ಬರೆಯುತ್ತಿದ್ದಳು. ಮೊದಲ ಸಲ ಕೊಬ್ಬರಿ ಎಣ್ಣೆ, ಎರಡನೆಯ ಸಲ ಶೇಂಗಾ ಎಣ್ಣೆ, ಇವತ್ತು ತುಪ್ಪ. ಪ್ರತಿ ಸಲವೂ ತೂಕ ಮಾಡಿದ ಅಷ್ಟೇ ಜಿಡ್ಡನ್ನು ತೆಳುಗಂಜಿಯಲ್ಲಿ ಕಲಸಿ ಕುಡಿಸುವುದು, ಆಮೇಲೆ ಮೂರು ತಾಸು ಅರ್ಧರ್ಧ ತಾಸಿಗೆ ರಕ್ತ ತೆಗೆಯುವುದು, ಪ್ರತಿ ಸಲ ಒಂದು ಗೆರೆಯ ಕಾಗದ. ಹೊಟ್ಟೆ ಬರೀ ಚೀಲವಲ್ಲ, ತಲೆಯ ಜೊತೆ ಮಾತಾಡುತ್ತದೆ ಎಂದು ಅವಳು ಮೊದಲ ಸಲ ಹೇಳಿದಾಗ ಅವನು ಬೆಚ್ಚಿದ್ದ. ತನ್ನ ತಂದೆಯ ಮಾತು ಇವಳಿಗೆ ಹೇಗೆ ಸಿಕ್ಕಿತು ಎಂದು. ಈಗ ಹೊಟ್ಟೆ ಸಣ್ಣದಾದ್ದರಿಂದ ಜಿಡ್ಡು ಬೇಗ ಕರುಳಿಗೆ ಇಳಿಯುತ್ತದೆ, ಕರುಳು ‘ಸಾಕು’ ಎನ್ನುವ ರಸಗಳನ್ನು ರಕ್ತಕ್ಕೆ ಬಿಡುತ್ತದೆ. ಯಾವ ಜಿಡ್ಡಿಗೆ ಎಷ್ಟು ಜೋರಾಗಿ ‘ಸಾಕು’ ಎನ್ನುತ್ತದೆ ಎಂಬುದು ತಿಳಿದರೆ, ಇಳಿದ ತೂಕ ಮತ್ತೆ ಏರದಂತೆ ಜನರಿಗೆ ಏನು ಉಣ್ಣಬೇಕೆಂದು ಹೇಳಬಹುದು. ಅವಳು ಹುರುಪಿನಿಂದ ಹೇಳುತ್ತಿದ್ದಳು. ಯಾವುದು ‘ಸಾಕು’ ಎನ್ನಿಸುತ್ತದೆ ಎಂದು ಅವಳು ಹುಡುಕುತ್ತಿದ್ದರೆ, ಯಾವುದಾದರೂ ಒಂದು ‘ಬೇಕು’ ಎನ್ನಿಸೀತೇ ಎಂದು ಅವನು ಹುಡುಕಿಕೊಂಡು ಬರುತ್ತಿದ್ದ. ತುಪ್ಪದ ದಿನಕ್ಕಾಗಿಯೇ ಅವನು ಒಂದು ತಿಂಗಳು ಕಾದಿದ್ದ. ಇವತ್ತೂ ಆಗದಿದ್ದರೆ ಸಂಜೆ ವಿದ್ಯಾಧೀಶರಾಯರ ಮನೆಗೆ ಹೋಗಿ, ನಾಳೆಯಿಂದ ಬೇರೆಯವರನ್ನು ನೋಡಿಕೊಳ್ಳಿ, ನನ್ನ ಸೌಟು ಕೆಳಗಿಟ್ಟೆ ಎಂದು ಹೇಳಿಬಿಡುವುದೆಂದು ಬಸ್ಸಿನಲ್ಲಿ ಬರುವಾಗಲೇ ನಿಶ್ಚಯ ಮಾಡಿದ್ದ. ಬೇರೆ ಯಾವ ಕೆಲಸ ಬರುತ್ತದೆ ತನಗೆ ಎಂದು ಮಾತ್ರ ಯೋಚಿಸಿರಲಿಲ್ಲ.

ಲೋಟವನ್ನು ಮೂಗಿನ ಹತ್ತಿರ ತಂದ. ಎಮ್ಮೆ ತುಪ್ಪ. ಒಲೆಯಿಂದ ಒಂದು ನಿಮಿಷ ಮೊದಲೇ ಇಳಿಸಿದ್ದಾರೆ, ತಳದಲ್ಲಿ ಗಸಿ ಕೆಂಪಾಗುವ ತನಕ ಬಿಡಬೇಕಿತ್ತು. ಇಷ್ಟೆಲ್ಲ ತಿಳಿಯಿತು. ದೇವದುರ್ಗದ ಮನೆಯಲ್ಲಿ ಅವ್ವ ತುಪ್ಪ ಕಾಸಿದ ದಿನ ಬಾಣಲೆಗೆ ಅನ್ನ ಹಾಕಿ ತಿರುವಿ ಉಂಡೆ ಮಾಡಿ ಕೊಡುತ್ತಿದ್ದಳು, ಅದಕ್ಕಾಗಿ ಅವನು ಶಾಲೆಯಿಂದ ಓಡಿ ಬರುತ್ತಿದ್ದ ದಾರಿ ಕಣ್ಣಮುಂದೆ ಬಂತು, ಕಾಲಿಗೆ ಚುಚ್ಚುತ್ತಿದ್ದ ಗರಸುಕಲ್ಲು ಕೂಡ ನೆನಪಾಯಿತು. ಹೊಟ್ಟೆ ಮಾತ್ರ ಪರರ ಮನೆಯ ವಿಷಯ ಎಂಬಂತೆ ಸುಮ್ಮನಿತ್ತು. ಗುಟುಕು ಗುಟುಕಾಗಿ ಕುಡಿದು ಮುಗಿಸಿದ. ಮೆಹನಾಜ್ ಗಡಿಯಾರ ನೋಡಿ ಬರೆದುಕೊಂಡಳು. ಅರ್ಧ ತಾಸಿಗೆ ರಕ್ತ ತೆಗೆದಾಗ ಅವನಿಗೆ ಅನ್ನಿಸಿದ್ದು ‘ಸಾಕು’ ಮಾತ್ರ. ಗಂಟಲ ತನಕ ತುಂಬಿದ, ಮರ್ಯಾದೆಯ, ತಣ್ಣಗಿನ ಸಾಕು. ಅವನಿಗೆ ಅಳು ಬಂದಂತಾಯಿತು. ನಲವತ್ತೇಳು ವರ್ಷದ ಗಂಡಸು, ಆಸ್ಪತ್ರೆಯಲ್ಲಿ, ಹಸಿವಾಗಲಿಲ್ಲವೆಂದು ಅಳುವುದುಂಟೇ?

ಮಠದಲ್ಲಿ ಆ ದಿನವೂ ಹೊಟ್ಟೆ ಹೀಗೆಯೇ ಸುಮ್ಮನಿತ್ತು. ಒಂದೂವರೆ ತಿಂಗಳ ಹಿಂದಿನ ಒಂದು ಗುರುವಾರ. ಹೊರಗೆ ಪಂಕ್ತಿಗೆ ಎಲೆ ಹಾಕುತ್ತಿದ್ದರು, ಒಳಗೆ ಹುಳಿ ಕುದಿಯುತ್ತಿತ್ತು, ಅಡುಗೆಮನೆಯಲ್ಲಿ ಅವನೊಬ್ಬನೇ. ಆವಿಯಲ್ಲಿ ಕೈಯಿಟ್ಟು ಕಾದ. ಏನೂ ಬರಲಿಲ್ಲ. ಹಿಂದಿನ ದಿನದ ಖಾಲಿ ಎಲೆತುದಿಗಳು ನೆನಪಾದವು. ಆಮೇಲೆ ಏನಾಯಿತೆಂದು ಅವನಿಗೆ ಇವತ್ತಿಗೂ ಬಿಡಿಸಿ ಹೇಳಲಾಗದು. ಸೌಟಿನಿಂದ ಒಂದು ಹನಿ ಅಂಗೈಗೆ ಬಿತ್ತು, ಅಂಗೈ ಬಾಯಿಗೆ ಹೋಯಿತು. ಎರಡು ಹರಳು ಉಪ್ಪು ಕಡಿಮೆ. ಹಾಕಿದ. ಕೈ ತೊಳೆದ, ಮತ್ತೆ ತೊಳೆದ. ಆ ಹುಳಿಯೇ ದೇವರ ಮುಂದೆ ಹೋಯಿತು. ಎಂಜಲಾದ ಹುಳಿಯ ಮೇಲೆ ತುಳಸಿ ಬಿತ್ತು, ಗಂಟೆ ಮೊಳಗಿತು, ಜನ ಕಣ್ಣಿಗೊತ್ತಿಕೊಂಡು ಉಂಡರು. ಅವನು ಕಂಬಕ್ಕೆ ಒರಗಿ ನಿಂತು ಬೆವರುತ್ತಿದ್ದ. ಪ್ರಾಯಶ್ಚಿತ್ತಕ್ಕೆ ಉಪವಾಸ ಮಾಡಿದ, ಒಂದಲ್ಲ ಮೂರು ದಿನ, ಯಾರಿಗೂ ಹೇಳದೆ. ಮೂರನೆಯ ದಿನ ಸಂಜೆ ತುಳಸಿಕಟ್ಟೆಯ ಮುಂದೆ ಕೂತಾಗ ಹೊಳೆಯಿತು: ಉಪವಾಸವೆಂದರೆ ದೇವರಿಗೆ ಹಸಿವನ್ನು ಕೊಡುವುದು, ತನ್ನಲ್ಲಿ ಅದೇ ಇಲ್ಲ. ಇಲ್ಲದ್ದನ್ನು ಕೊಟ್ಟಂತೆ ನಟಿಸಿದ್ದಾಯಿತು. ತಪ್ಪಿನ ಮೇಲೆ ಇನ್ನೊಂದು ತಪ್ಪು.

ಆಸ್ಪತ್ರೆಯ ಕೋಣೆಯಲ್ಲಿ ಈಗ ಅವರಿಬ್ಬರೇ. ಎರಡನೆಯ ಸಲ ತೆಗೆದ ರಕ್ತದ ನಳಿಕೆಗಳನ್ನು ಹಿಡಿದು ಮೆಹನಾಜ್ ಹೊರಗೆ ಹೋಗಿದ್ದಳು. ಆಗ ಒಂದು ಸದ್ದು ಕೇಳಿತು. ಗುರ್ ಎಂದು ಶುರುವಾಗಿ, ಉದ್ದಕ್ಕೆ ಎಳೆದು, ಕೊನೆಗೆ ಕೊಯ್ಯೆಂದು ನಿಂತ ಸದ್ದು. ಒಂದು ಕ್ಷಣ ತನ್ನದೇ ಎಂದುಕೊಂಡ. ಹೊಟ್ಟೆಯ ಮೇಲೆ ಕೈಯಿಟ್ಟ. ಅಲ್ಲ. ಸದ್ದು ಮತ್ತೊಮ್ಮೆ ಬಂತು, ಗೋಡೆಯ ಕಡೆಯಿಂದ. ಮಾಧವಿ ಚೀಲವನ್ನು ಹೊಟ್ಟೆಗೆ ಅವುಚಿಕೊಂಡು, ಕೆಮ್ಮು ಬಂದವಳಂತೆ ಸೆರಗು ಬಾಯಿಗೆ ಒತ್ತಿ ಕಿಟಕಿಯ ಕಡೆ ತಿರುಗಿದ್ದಳು. ಅವಳ ಕಿವಿ ಕೆಂಪಾಗಿತ್ತು. ನಿನ್ನೆ ರಾತ್ರಿ ಎಂಟರಿಂದ ಅವನು ಏನೂ ತಿನ್ನಬಾರದೆಂದು ಆಸ್ಪತ್ರೆಯವರು ಹೇಳಿದ್ದರು. ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಅವಳೂ ಉಂಡಿರಲಿಲ್ಲ. ಹಿಂದಿನ ಎರಡು ಸಲವೂ ಉಂಡಿರಲಿಲ್ಲವೇನೋ. ಮದುವೆಯಾದ ಇಪ್ಪತ್ತು ವರ್ಷ ಅವನು ಮಠದಿಂದ ಎರಡು ಗಂಟೆಗೋ ಮೂರು ಗಂಟೆಗೋ ಪ್ರಸಾದ ತರುವ ತನಕ ಅವಳು ಉಂಡವಳಲ್ಲ. ಅದನ್ನು ಅವನು ಸೂರ್ಯ ಮುಳುಗುವುದನ್ನು ತಿಳಿದಂತೆ ತಿಳಿದಿದ್ದ, ಅಷ್ಟೇ. ಆ ಇಪ್ಪತ್ತು ವರ್ಷ ಈ ಹೊಟ್ಟೆಯೂ ಹೀಗೆಯೇ ಕೂಗಿರಬೇಕು. ತನ್ನ ಹಸಿವಿನ ಗದ್ದಲದಲ್ಲಿ ಅವನಿಗೆ ಒಮ್ಮೆಯೂ ಕೇಳಿಸಿರಲಿಲ್ಲ.

“ಹಸಿವಿ ಆಗ್ಯಾದೇನು ನಿನಗ?” ಎಂದ. ಈ ಮಾತನ್ನು ಅವಳಿಗೆ ಆಡುತ್ತಿರುವುದು ಇದೇ ಮೊದಲು ಎಂದು ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು. ಊರ ಜನರನ್ನೆಲ್ಲ ಕೇಳಿದ್ದ ಮಾತು.

ಮಾಧವಿ ಏನಿಲ್ಲ ಬಿಡ್ರಿ ಎಂದಳು. ಚೀಲದಿಂದ ಒಂದು ಸಣ್ಣ ಸ್ಟೀಲ್ ಡಬ್ಬಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟಳು, ರಕ್ತ ತೆಗೆಯುವುದು ಮುಗಿದ ಮೇಲೆ ಅವನು ತಿನ್ನಬೇಕಾದ ಮೂರು ಚಮಚ ತೊವ್ವೆ ಅದರಲ್ಲಿ. ಚೀಲದಲ್ಲಿ ಬೇರೆ ಡಬ್ಬಿ ಇರಲಿಲ್ಲ. ಅವನು ಆ ಡಬ್ಬಿಯನ್ನೇ ನೋಡುತ್ತ ಕೂತ. ಒಂದೂವರೆ ತಿಂಗಳಿಂದ ಒಳಗೇ ಇಟ್ಟುಕೊಂಡದ್ದು ಆಗ ಯಾವ ಪೀಠಿಕೆಯೂ ಇಲ್ಲದೆ ಹೊರಗೆ ಬಂತು.

“ಒಂದು ಗುರುವಾರ ನಾ ರುಚಿ ನೋಡಿದೆ, ಮಾಧವಿ. ನೈವೇದ್ಯಕ್ಕಿಂತ ಮೊದಲ.”

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. “ಗೊತ್ತದ,” ಎಂದಳು.

“ಹೆಂಗ?”

“ಅವತ್ತ ಉಪ್ಪು ಸರಿ ಇತ್ತಲ್ರೀ.”

ಅವಳು ನಿಧಾನಕ್ಕೆ, ಕಿಟಕಿಗೇ ಹೇಳುವವಳಂತೆ ಹೇಳಿದಳು. ಆ ಗುರುವಾರ ಅವಳು ಮಠಕ್ಕೆ ಬಂದಿದ್ದಳು, ಹೆಂಗಸರ ಪಂಕ್ತಿ ಎದ್ದ ಮೇಲೆ ಎಲೆ ತೆಗೆಯಲು ಕೈಹಚ್ಚಿದ್ದಳು. ಒಂದು ಎಲೆಯಲ್ಲೂ ತುದಿಯ ಉಪ್ಪು ಕದಲಿರಲಿಲ್ಲ. ಮೊದಲು ಖುಷಿಯಾಯಿತಂತೆ, ಗಂಡನ ಕೈ ಮರಳಿ ಬಂತೆಂದು. ಮನೆಗೆ ಬಂದ ಅವನ ಮುಖ ನೋಡಿದಾಗ ಗೊತ್ತಾಯಿತಂತೆ. ಮರುದಿನ ಉಪ್ಪು ಮತ್ತೆ ತಪ್ಪಿತು. ಅವಳು ತುಳಸಿಗೆ ಪ್ರದಕ್ಷಿಣೆ ಹಾಕಿ, ಇವತ್ತು ತಪ್ಪಿದೆ, ರುಚಿ ನೋಡಿಲ್ಲ, ಒಳ್ಳೆಯದಾಯಿತು ಎಂದು ಹೇಳಿಕೊಂಡಳಂತೆ. ಅವನ ಮೂರು ದಿನದ ಉಪವಾಸವೂ ಅವಳಿಗೆ ತಿಳಿದಿತ್ತು. ಇಪ್ಪತ್ತು ವರ್ಷ ಅವನು ಅವಳಿಂದ ಏನನ್ನೂ ಮುಚ್ಚಿಡಲಾರದೆ ಬದುಕಿದ್ದ, ತಾನು ಎಲ್ಲವನ್ನೂ ಮುಚ್ಚಿಟ್ಟಿದ್ದೇನೆ ಎಂದುಕೊಂಡು.

ಇನ್ನು ತನಗೆ ಸೌಟು ಹಿಡಿಯುವ ಯೋಗ್ಯತೆ ಇಲ್ಲ, ಸಂಜೆಯೇ ವಿದ್ಯಾಧೀಶರಾಯರಿಗೆ ಹೇಳಿಬಿಡುತ್ತೇನೆ, ಬಿಡುವ ಮೊದಲು ಇನ್ನೊಂದು ಉಪವಾಸ ಮಾಡುತ್ತೇನೆ ಎಂದ. ಆಗ ಮಾಧವಿ ಅವನ ಕಡೆ ತಿರುಗಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಅವನು ಮೊದಲು ಕೇಳಿರದ ಒಂದು ಗಟ್ಟಿತನವಿತ್ತು.

“ಉಪವಾಸ ನಿಮಗ ಯಾವ ಶಿಕ್ಷಾ ಅದ? ಹಸಿವಿ ಇಲ್ಲದವರು ಎಷ್ಟು ದಿನಾನೂ ಕೂಡಬಹುದು. ರಾಯರಿಗೆ ಆದದ್ದು ಹೇಳ್ರಿ, ಅದು ಹೇಳಬೇಕು. ಆದ್ರ ಸೌಟು ಇಡಬ್ಯಾಡ್ರಿ. ನಾಳಿಂದ ದಿನಾ ಪಂಕ್ತಿಯೊಳಗ ನಿಂತು ಒಬ್ಬೊಬ್ಬರಿಗೂ ಕೇಳ್ರಿ, ಉಪ್ಪು ಸರಿ ಅದ ಏನು ಅಂತ. ಹೆಚ್ಚು ಅಂದ್ರ ಹೂಂ ಅನ್ರಿ, ಕಡಿಮಿ ಅಂದ್ರ ಹೂಂ ಅನ್ರಿ. ಅದು ನಿಮಗ ಉಪವಾಸಕ್ಕಿಂತ ಕಠಿಣ.”

ಕಠಿಣವೇ. ನೆನೆದರೆ ಕಿವಿ ಬಿಸಿಯಾಯಿತು. ಇಪ್ಪತ್ತೆರಡು ವರ್ಷ ಎಲೆಯ ತುದಿ ನೋಡಿ ಮಾತ್ರ ತಿಳಿದುಕೊಂಡದ್ದು, ಒಬ್ಬರ ಬಾಯಿಂದಲೂ ಕೇಳಿದ್ದಲ್ಲ. ರಾಯರ ಮುಂದೆ ಬಗ್ಗಿ ನಿಂತು ಉಪ್ಪು ಹೆಂಗದರಿ ಎನ್ನುವುದು! ಅವರು ಈ ಸಲ ಗೋಡೆಗೆ ಹೇಳಲಾರರು, ತನ್ನ ಮುಖಕ್ಕೇ ಹೇಳಬೇಕಾಗುತ್ತದೆ. ಅವನಿಗೆ ಸಂಕಟದ ನಡುವೆಯೂ ಒಂದಿಷ್ಟು ನಗು ಬಂತು. ಮೆಹನಾಜ್ ಮರಳಿ ಬಂದು ಹೊಸ ಗೆರೆಯ ಕಾಗದ ಮುಂದಿಟ್ಟಳು. ಅವನು ಪೆನ್ಸಿಲ್ ತೆಗೆದುಕೊಂಡು ಎಡತುದಿಗೆ, ಇನ್ನು ಆಚೆ ಜಾಗವಿಲ್ಲ ಎನ್ನುವಲ್ಲಿ, ಒಂದು ಗೀಟು ಎಳೆದ. ಹಿಂದಿನ ಎರಡು ಸಲದ್ದೂ, ಇವತ್ತು ಇಲ್ಲಿಯ ತನಕ ಹಾಕಿದ್ದೂ ಸುಳ್ಳೆಂದು ಹೇಳಿದ. ಅವಳ ಮುಖ ಸಪ್ಪಗಾಯಿತು, ಸೊಂಟದ ಮೇಲೆ ಕೈಯಿಟ್ಟು ಅವನನ್ನು ನೋಡಿದಳು. ಆ ದಿನಗಳ ಗೆರೆಗಳನ್ನು ಲೆಕ್ಕದಿಂದ ತೆಗೆಯುತ್ತೇನೆ, ಯಾಕೆ ತೆಗೆದೆನೆಂದೂ ಬರೆಯುತ್ತೇನೆ ಎಂದು ನಿಟ್ಟುಸಿರಿಟ್ಟಳು. ಆಮೇಲೆ, “ಇರ್ಲಿ ಬಿಡ್ರಿ, ರಕ್ತ ನಿಮ್ಮಂಗ ದಾಕ್ಷಿಣ್ಯ ಮಾಡಂಗಿಲ್ಲ,” ಎಂದು ನಕ್ಕಳು. ತನ್ನ ಹಸಿವು ತಿರುಗಿ ಬರುವುದೇ ಎಂದು ಅವನು ಕೇಳಿದ. ಕೆಲವರಿಗೆ ಒಂದೆರಡು ವರ್ಷದ ಮೇಲೆ ಸ್ವಲ್ಪ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ, ನಿಮ್ಮದು ಯಾವುದೆಂದು ನನಗೆ ಗೊತ್ತಿಲ್ಲ ಎಂದಳು. ಸುಳ್ಳು ಸಮಾಧಾನ ಹೇಳಲಿಲ್ಲವೆಂದು ಅವನಿಗೆ ಅವಳ ಮೇಲೆ ಪ್ರೀತಿ ಹುಟ್ಟಿತು.

ಮಾನ್ವಿಯ ಬಸ್ಸಿನಲ್ಲಿ ಮಾಧವಿ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ರಾಯಚೂರು ಬಸ್ ನಿಲ್ದಾಣದಲ್ಲಿ ಕೊಂಡ ಬಾಳೆಹಣ್ಣಿನಲ್ಲಿ ಒಂದನ್ನು ಮಾತ್ರ ತಿಂದಿದ್ದಳು. ಕಲ್ಲೂರು ದಾಟಿತು. ಅಕ್ಕಿ ಗಿರಣಿಯ ಹತ್ತಿರ ಬೆಂದ ಭತ್ತದ ವಾಸನೆ ಒಳಗೆ ನುಗ್ಗಿದಾಗ ನಿದ್ದೆಯಲ್ಲೇ ಅವಳು ಎಂಜಲು ನುಂಗಿದ್ದನ್ನು ಅವನು ಕಂಡ. ಇಡೀ ದಾರಿ ಅವನು ಅವಳನ್ನೇ ನೋಡುತ್ತ ಬಂದ. ಕೆನ್ನೆಯ ಮೇಲೆ ಎಣ್ಣೆ ಸಿಡಿದ ಹಳೆಯ ಚುಕ್ಕೆ, ಕಿವಿಯ ಹಿಂದೆ ಎರಡು ಬೆಳ್ಳಿ ಕೂದಲು. ಈ ಹೆಂಗಸು ಇಷ್ಟು ವರ್ಷ ಹಸಿದು ಕೂತಿದ್ದಳು, ಮನೆಯ ಬಾಗಿಲಲ್ಲೇ.

ಮನೆಗೆ ಬಂದಾಗ ಎರಡೂವರೆ. ಅವಳು ಸೆರಗು ಸಿಕ್ಕಿಸಿ ಒಲೆಯ ಕಡೆ ಹೊರಟಳು. ಅವನು ತಡೆದ. ಹೊಸ್ತಿಲಲ್ಲಿ ಒಂದು ಮಣೆ ಹಾಕಿ ಅಲ್ಲಿ ಕೂಡಿಸಿದ. ಅನ್ನಕ್ಕಿಟ್ಟ, ಬೇಳೆ ಬೇಯಿಸಿದ, ಹುಣಸೆ ಹಿಂಡಿದ. ಮನೆಯ ದೇವರಿಗೆ ತೋರಿಸುವ ಮೊದಲು ನಾಲಿಗೆಗೆ ತಾಗಿಸಲಿಲ್ಲ, ಅಂದಾಜಿನ ಮೇಲೆ ಉಪ್ಪು ಹಾಕಿದ, ಕಣ್ಣು ಮುಚ್ಚಿ ಹಾಕಿದ ಎನ್ನಬೇಕು. ತುಪ್ಪದಲ್ಲಿ ಇಂಗು ಅರಳಿ ವಾಸನೆ ಹೊಸ್ತಿಲಿಗೆ ಹೋದಾಗ ಮತ್ತೆ ಆ ಸದ್ದು ಕೇಳಿತು. ಈ ಸಲ ಅವಳು ಕೆಮ್ಮಲಿಲ್ಲ, ಸೆರಗೂ ಒತ್ತಿಕೊಳ್ಳಲಿಲ್ಲ. ದೇವರಿಗೆ ತೋರಿಸಿ ಎಲೆ ಹಾಕಿದ, ಅನ್ನ ಬಡಿಸಿ ತುಪ್ಪ ಹನಿಸಿ ಹುಳಿ ಹಾಕಿದ. ತುದಿಗೆ ಉಪ್ಪು ಇಡಲಿಲ್ಲ, ಬೇಕೆಂದೇ ಇಡಲಿಲ್ಲ. ಅವಳು ಮೊದಲ ತುತ್ತು ಬಾಯಿಗಿಟ್ಟಳು, ಎರಡನೆಯದು, ಮೂರನೆಯದು. ಅವನು ಸೌಟು ಹಿಡಿದು ಮುಂದೆ ನಿಂತಿದ್ದ. ಕೇಳಬೇಕಾಗಿತ್ತು, ಸೌಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ಕೊನೆಗೆ ಕೇಳಿದ:

“ಉಪ್ಪು ಸರಿ ಅದ ಏನು?”

ಮಾಧವಿ ತಲೆಯೆತ್ತಿ ಅವನ ಮುಖ ನೋಡಿದಳು. ಇಪ್ಪತ್ತು ವರ್ಷದಲ್ಲಿ ಆಡದ ಮಾತನ್ನು ಅವಳು ಒಂದಿಷ್ಟೂ ಮೆತ್ತಗೆ ಮಾಡದೆ ಆಡಿದಳು.

“ಕಡಿಮಿ ಅದ.”

“ಹೂಂ,” ಎಂದ ಅವನು. ಉಪ್ಪಿನ ಭರಣಿ ತಂದು ಒಂದು ಚಿಟಿಕೆ ಎಲೆಯ ತುದಿಗೆ ಇಟ್ಟ. ಅವಳು ಅದನ್ನು ಪೂರಾ ಕಲಸಿಕೊಂಡು ಉಂಡಳು, ಬೆರಳು ನೆಕ್ಕಿದಳು. ಆಮೇಲೆ, ಅವನೇ ಬಡಿಸಲಿ ಎಂದು ಕಾಯದೆ, ಖಾಲಿ ಎಲೆಯನ್ನು ಅವನ ಕಡೆ ಸ್ವಲ್ಪ ಸರಿಸಿ ಹೇಳಿದಳು:

“ಇನ್ನೊಂಚೂರು ಅನ್ನ ಹಾಕ್ರಿ. ನನಗ ಭಾಳ ಹಸಿವಿ ಆಗ್ಯಾದ.”